ಸುಳೇಭಾವಿಯ ಹುಡುಗ, ಆಪೆರಾ ಹೌಸಿನ ಮಾಸ್ತರು



ಹೋದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಡೊಂಬಿವಲಿಯಿಂದ ಒಂದು ಪತ್ರ ಬಂತು. ಬರೆದವನು ಕಾಲೇಜು ಹುಡುಗ. ಗಿಟಾರು ಹಿಡಿದು ಹಾಡುತ್ತಾನಂತೆ. ಗಣೇಶೋತ್ಸವದಲ್ಲಿ, ಕಾಲೇಜಿನ ಸಮಾರಂಭದಲ್ಲಿ ಚಪ್ಪಾಳೆಯೂ ಬೀಳುತ್ತದಂತೆ. "ಆದರೆ ಸರ್, ನಾನೇ ಬರೆದು ನಾನೇ ಧಾಟಿ ಕಟ್ಟಿ ಹಾಡಿದರೆ ಅಮ್ಮ ಮಾತ್ರ, ಇದು ಅವರ ಹಾಡಿನ ಹಾಗೇ ಇದೆಯಲ್ಲೋ, ಇದು ಇವರದ್ದಲ್ವೇನೋ ಅನ್ನುತ್ತಾಳೆ. ನನ್ನದು ಅಂತ ಒಂದು ಧಾಟಿ ಬರೋದು ಯಾವಾಗ ಸರ್?" ಎಂದು ಕೇಳಿದ್ದ.

ನಾನು ಸಂಗೀತಗಾರನಲ್ಲ. ಗಡಿಯಾರ ನೋಡಿಕೊಂಡು ಎರಡು ಹಾಡುಗಳ ನಡುವೆ ನಾಲ್ಕು ಮಾತಾಡುವುದಷ್ಟೇ ನನ್ನ ಕೆಲಸ. ಹಾಗಾಗಿ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಆದರೆ ಇಂಥದೇ ಪ್ರಶ್ನೆಯ ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಕನ್ನಡದ ಹುಡುಗನ ಕಥೆ ಗೊತ್ತು. ಅವನು ನಮ್ಮ ಈ ಊರಿಗೆ ಬಂದದ್ದು 1936ರಲ್ಲಿ. ಆಗ ಅವನಿಗೆ ಹನ್ನೆರಡರ ಆಸುಪಾಸು. ಅಲಹಾಬಾದಿನಿಂದ ಕಲಕತ್ತೆಯವರೆಗೆ ಜನ ಅವನ ಹಾಡಿಗೆ ಬೆರಗಾಗಿದ್ದರು. ತಮಾಷೆಯೆಂದರೆ, ಅವನು ಹಾಡುತ್ತಿದ್ದುದರಲ್ಲಿ ಅವನದೆಂಬುದು ಹೆಚ್ಚೇನೂ ಇರಲಿಲ್ಲ!

ಹುಡುಗನ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. ಲೋಕ ಅವನನ್ನು ಬಲ್ಲದ್ದು ಕುಮಾರ ಗಂಧರ್ವ ಎಂದು.

ಬೆಳಗಾವಿಯ ಹತ್ತಿರದ ಸುಳೇಭಾವಿ ಅವನ ಹುಟ್ಟೂರು. 1924ರ ಏಪ್ರಿಲ್ 8ರಂದು ಜನನ. ಲಿಂಗಾಯತ ಮನೆತನ, ಮನೆಮಾತು ಕನ್ನಡ. ಬೆಳಗಾವಿ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು ಎಂಬುದನ್ನು ನಾವು ಮುಂಬಯಿ ಕನ್ನಡಿಗರು ನೆನಪಿಡಬೇಕು. 1956ರ ತನಕ ಬೆಳಗಾವಿ, ಧಾರವಾಡ, ಬಿಜಾಪುರದವರಿಗೆ ಬೊಂಬಾಯಿ ಪರರಾಜ್ಯವಲ್ಲ, ತಮ್ಮದೇ ರಾಜಧಾನಿ. ಕೋರ್ಟು ಕಚೇರಿ, ನೌಕರಿ, ಹಾಡು, ನಾಟಕ, ಎಲ್ಲಕ್ಕೂ ಮೀಟರ್‌ಗೇಜ್ ರೈಲು ಹತ್ತಿ ಮೀರಜ್ ಮೇಲೆ ಪುಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಇಲ್ಲಿಗೆ ಬಂದಿಳಿಯುತ್ತಿದ್ದರು. ಈ ದಾರಿ ಇಲ್ಲದಿದ್ದರೆ ನಮ್ಮ ಕಥೆಯೂ ಇಲ್ಲ.

ತಂದೆ ಸಿದ್ಧರಾಮಯ್ಯನವರಿಗೆ ಹಾಡಿನ ಹುಚ್ಚು. ತಾವೂ ಹಾಡುತ್ತಿದ್ದರು. ಮಗ ಮಾತ್ರ ಮೊದಲ ಐದಾರು ವರ್ಷ ಹಾಡಿನ ಸುಳಿವನ್ನೇ ಕೊಡಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಹಾಡತೊಡಗಿದ. ಮಕ್ಕಳು ಹಾಡುವ ಹಾಗಲ್ಲ. ಗ್ರಾಮಾಫೋನ್ ಪ್ಲೇಟಿನಲ್ಲಿ ದೊಡ್ಡ ಗವಾಯಿಗಳು ಹಾಡಿದ್ದನ್ನು, ಅವರ ಆಲಾಪ, ತಾನು, ದನಿಯ ಕೊಂಕು ಎಲ್ಲ ಸೇರಿಸಿ, ಇದ್ದದ್ದು ಇದ್ದ ಹಾಗೆ ಒಪ್ಪಿಸಿಬಿಡುತ್ತಿದ್ದ. ರಾಮಕೃಷ್ಣಬುವಾ ವಝೆ, ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವ, ಫಯಾಜ್ ಖಾನ್, ಒಬ್ಬರೇ ಇಬ್ಬರೇ! ಒಬ್ಬರ ಗಾಯಕಿ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಕರೀಂ ಖಾನರ ದನಿ ಬೆಣ್ಣೆ, ಫಯಾಜ್ ಖಾನರದ್ದು ಗುಡುಗು. ಹುಡುಗನಿಗೆ ಎರಡೂ ಒಂದೇ. ಕೇಳಿದ್ದು ಕಿವಿಯಲ್ಲಿ ಅಚ್ಚಾಗುತ್ತಿತ್ತು, ಬಾಯಲ್ಲಿ ಬರುತ್ತಿತ್ತು. ಆ ಎಳವೆಯಲ್ಲೇ ಲಿಂಗಾಯತ ಮಠದ ಸ್ವಾಮಿಗಳೊಬ್ಬರು ಈ ಹಾಡು ಕೇಳಿ 'ಕುಮಾರ ಗಂಧರ್ವ' ಎಂದು ಕರೆದರು. ಆಗಲೇ ಬಾಲಗಂಧರ್ವರಿದ್ದರು, ಸವಾಯಿ ಗಂಧರ್ವರಿದ್ದರು. ಮೂರನೆಯ ಗಂಧರ್ವ ಹೀಗೆ ಸಿಕ್ಕಿದ. ಬಿರುದು ಎಷ್ಟು ಅಂಟಿತೆಂದರೆ ಶಿವಪುತ್ರ ಎಂಬ ಹೆಸರು ಮನೆಯವರ ನೆನಪಿಗಷ್ಟೇ ಉಳಿಯಿತು. (ಆ ಹೆಸರು ಒಂದು ತಲೆಮಾರು ಕಳೆದು ಮಗನ ಹೆಸರಿನಲ್ಲಿ ಮರಳಿ ಬಂತು, ಮುಕುಲ್ ಶಿವಪುತ್ರ.)

ಇಲ್ಲಿ ಪ್ಲೇಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಸಿಡಿ, ಮೊಬೈಲು ಕಂಡ ನಮಗೆ ಇದು ಹೊಳೆಯುವುದಿಲ್ಲ. ಆ ಕಾಲದ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು ಮಾತ್ರ. ಮೈಫಿಲಿನಲ್ಲಿ ಒಂದು ಗಂಟೆ ಬೆಳೆಸುತ್ತಿದ್ದ ರಾಗವನ್ನು ಗವಾಯಿಗಳು ಈ ಮೂರು ನಿಮಿಷಕ್ಕೆ ಕಡೆದು ಇಳಿಸಬೇಕಿತ್ತು. ನಿಧಾನದ ಬಡತ್ ಇಲ್ಲ. ನೇರವಾಗಿ ಚೀಜು, ಅದರ ಮುಖಡಾ, ನಾಲ್ಕು ಮಿಂಚಿನಂಥ ತಾನು, ಅಲ್ಲಿಗೆ ಮುಗಿಯಿತು. ಹೀಗಾಗಿ ಸುಳೇಭಾವಿಯ ಹುಡುಗನಿಗೆ ಸಿಕ್ಕ ಮೊದಲ ಪಾಠವೆಲ್ಲ ಮೂರು ಮೂರು ನಿಮಿಷದ ಪಾಠ. ರಾಗ ಎಂದರೆ ಅವನ ಕಿವಿಗೆ ಒಂದು ಇಡಿಯಾದ, ಚಿಕ್ಕದಾದ, ತಲೆ ಬಾಲ ಇರುವ ಹಾಡು. ಮುಂದೆ ದೊಡ್ಡವರಾದ ಮೇಲೆ ಕುಮಾರರು ಬಂದಿಶ್‌ಗೆ ಕೊಟ್ಟ ಮಹತ್ವಕ್ಕೂ, ಗಂಟೆಗಟ್ಟಲೆ ವಿಲಂಬಿತದಲ್ಲಿ ಕೂರದೆ ಅಡಕವಾಗಿ ಹಾಡಿದ್ದಕ್ಕೂ ಈ ಪ್ಲೇಟುಗಳಿಗೂ ನಂಟಿದೆಯೆಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ. ಪಂಡಿತರು ಬೇರೆ ಕಾರಣ ಹೇಳುತ್ತಾರೆ, ಅದಕ್ಕೆ ಆಮೇಲೆ ಬರೋಣ.

ಅಂದ ಹಾಗೆ, ಅದೇ ಹೊತ್ತಿಗೆ ಗದಗಿನಲ್ಲಿ ಇನ್ನೊಬ್ಬ ಹುಡುಗನಿಗೂ ಇದೇ ಪ್ಲೇಟು ಹುಚ್ಚು ಹಿಡಿಸಿತ್ತು. ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ, ಹೀಗೆ ಹಾಡುವುದನ್ನು ಕಲಿಯಬೇಕೆಂದು ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿದ ಭೀಮಸೇನ ಜೋಶಿ. ಕುಮಾರನಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಗ್ವಾಲಿಯರ್, ಜಲಂಧರ್ ಎಂದೆಲ್ಲ ಅಲೆದು ಕಡೆಗೆ ಅವನು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ ಸೇರಿದ್ದು 1936ರಲ್ಲಿ. ಕುಮಾರ ಬೊಂಬಾಯಿಯಲ್ಲಿ ನೆಲೆ ನಿಂತದ್ದೂ 1936ರಲ್ಲೇ. ಒಂದೇ ಸೀಮೆಯ ಇಬ್ಬರು ಹುಡುಗರು, ಒಂದೇ ಗೀಳು, ಒಂದೇ ವರ್ಷ. ಒಬ್ಬನಿಗೆ ಹಳ್ಳಿಯ ಗುರುಮನೆ, ನೀರು ಹೊತ್ತು ಸೇವೆ ಮಾಡಿ, ಒಂದೇ ಘರಾಣೆಯ ಒಂದೇ ದನಿ ಕೇಳುತ್ತ ಕಲಿಯುವ ದಾರಿ. ಇನ್ನೊಬ್ಬನಿಗೆ ಟ್ರಾಮಿನ ಗಂಟೆ ಬಾರಿಸುವ ಪಟ್ಟಣ, ಅಲ್ಲಿನ ನೂರು ದನಿಗಳು. ಯಾವುದು ಮೇಲು ಯಾವುದು ಕೀಳು ಎಂಬ ಜಗಳ ಬೇಡ. ಇಬ್ಬರೂ ಏನಾದರು ಎಂದು ನಮಗೆ ಗೊತ್ತೇ ಇದೆ. ಆದರೆ ಹಾಡುತ್ತ ಹಾಡುತ್ತ ಹೊಸ ಚೀಜುಗಳನ್ನೇ ಕಟ್ಟುವ ವಾಗ್ಗೇಯಕಾರರಾದದ್ದು ಪಟ್ಟಣಕ್ಕೆ ಬಂದವರು. ಇದಕ್ಕೆ ಈ ಊರು ಮಾಡಿದ್ದೇನು ಎಂಬುದೇ ನನ್ನ ಕುತೂಹಲ.

ಹುಡುಗನ ಹಾಡು ಬೇಗನೆ ಮನೆಯ ಅಂಗಳ ದಾಟಿತು. ಊರೂರು ತಿರುಗಾಟ, ಟಿಕೇಟು, ಹಾರ, ಪದಕ. 1935ರ ಸುಮಾರಿಗೆ ಅಲಹಾಬಾದಿನ ಸಮ್ಮೇಳನ, ಆಮೇಲೆ ಕಲಕತ್ತೆ. 1936ರಲ್ಲಿ ಬೊಂಬಾಯಿಯ ಜಿನ್ನಾ ಹಾಲಿನಲ್ಲಿ ಸಂಗೀತ ಪರಿಷತ್ತು.

ಜಿನ್ನಾ ಹಾಲು ಎಂದೊಡನೆ ಹುಬ್ಬೇರಿಸಬೇಡಿ. ಗ್ರಾಂಟ್ ರೋಡ್ ಹತ್ತಿರದ ಕಾಂಗ್ರೆಸ್ ಹೌಸ್ ಆವರಣದಲ್ಲಿರುವ ಸಭಾಗೃಹ ಅದು. 1918ರಲ್ಲಿ ಗವರ್ನರ್ ವಿಲಿಂಗ್ಡನ್ ಸಾಹೇಬರಿಗೆ ಬೀಳ್ಕೊಡುಗೆಯ ಮಾನಪತ್ರ ಅರ್ಪಿಸಲು ಹೊರಟಾಗ ಜಿನ್ನಾ ಮುಂದೆ ನಿಂತು ಅದನ್ನು ತಡೆದರು. ಆ ಧೈರ್ಯಕ್ಕೆ ಮೆಚ್ಚಿ ಬೊಂಬಾಯಿಯ ಜನ ತಾವೇ ಚಂದಾ ಎತ್ತಿ ಕಟ್ಟಿಸಿದ ಹಾಲು. ಮುಂದೆ ಅದನ್ನು ಪಿ.ಜೆ. ಹಾಲ್ ಎಂದು ಮೊಟಕು ಮಾಡಿ ಕರೆದರು, ಕಾರಣ ಹೇಳಬೇಕಾಗಿಲ್ಲ. ಇಂಥ ಹಾಲಿನಲ್ಲಿ ದೊಡ್ಡ ದೊಡ್ಡ ಉಸ್ತಾದರು, ಬಾಯಿಯವರು, ವಿಮರ್ಶಕರು ಕುಳಿತಿರುವಾಗ ಚಿಕ್ಕ ಹುಡುಗ ತಂಬೂರಿಗಳ ನಡುವೆ ಕುಳಿತು ಹಾಡಿದ. ಸಭೆ ಹುಚ್ಚೆದ್ದಿತು. ಬೊಂಬಾಯಿ ಸುಲಭಕ್ಕೆ ತಲೆದೂಗುವ ಊರಲ್ಲ. ಅಂದು ತೂಗಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿದಂತೆ ಕಾಣುತ್ತದೆ. ನಿಜವಾದ ಗಂಡಾಂತರ ಶುರುವಾಗುವುದು ಇಲ್ಲೇ. ಬಾಲಪ್ರತಿಭೆಯ ಆಯುಸ್ಸು ಎಷ್ಟು? ದನಿ ಒಡೆಯುವ ತನಕ. ಹದಿಮೂರೋ ಹದಿನಾಲ್ಕೋ ಆಗುತ್ತಿದ್ದ ಹಾಗೆ ಎಳೆಯ ಗಂಟಲು ಹೋಗುತ್ತದೆ, ಅದರ ಜೊತೆಗೆ ಬೆರಗೂ ಹೋಗುತ್ತದೆ. ಹತ್ತು ವರ್ಷದವನು ಫಯಾಜ್ ಖಾನರ ಹಾಗೆ ಹಾಡಿದರೆ ಅದ್ಭುತ. ಇಪ್ಪತ್ತು ವರ್ಷದವನು ಹಾಗೆ ಹಾಡಿದರೆ ಜನ ಕೇಳುವುದು, "ಫಯಾಜ್ ಖಾನರೇ ಇದ್ದಾರಲ್ಲ, ಇವನ್ಯಾಕೆ?" ಅದೇ ಕಾಲದಲ್ಲಿ ಪಂಜಾಬಿನ ಮಾಸ್ಟರ್ ಮದನ್ ಎಂಬ ಇನ್ನೊಬ್ಬ ಬಾಲಕನಿದ್ದ. 1927ರಲ್ಲಿ ಹುಟ್ಟಿದವನು. ರೇಡಿಯೋ, ಮೈಫಿಲು, ಸಂಸ್ಥಾನಗಳ ದರ್ಬಾರು ಎಂದು ಅವನನ್ನೂ ಊರೂರು ಮೆರೆಸಿದರು. 1942ರಲ್ಲಿ, ಹದಿನೈದು ತುಂಬುವ ಮೊದಲೇ ತೀರಿಕೊಂಡ. ಉಳಿದಿರುವುದು ಎಂಟೇ ಎಂಟು ಹಾಡುಗಳ ಧ್ವನಿಮುದ್ರಣ. ಕೇಳಿದರೆ ಕರುಳು ಚುರುಕ್ಕೆನ್ನುತ್ತದೆ. ಹಾಡಿಸಿದವರು ಬಹಳ ಮಂದಿ ಇದ್ದರು. ಸ್ವಲ್ಪ ಸಾಕು ಮಗಾ, ಸುಮ್ಮನೆ ಕೂತು ಕಲಿ ಅನ್ನುವವರು ಬೇಕಿತ್ತು ಅನ್ನಿಸುತ್ತದೆ.

ಕುಮಾರನಿಗೆ ಹಾಗನ್ನುವವರು ಸಿಕ್ಕರು. ಹೆಸರು ಬಿ.ಆರ್. ದೇವಧರ.

ದೇವಧರರು ಮೀರಜಿನವರು, 1901ರಲ್ಲಿ ಹುಟ್ಟಿದವರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, 1908ರಲ್ಲಿ ಬೊಂಬಾಯಿಗೂ ತಂದು, ಉಸ್ತಾದರ ಮನೆಯೊಳಗಿದ್ದ ವಿದ್ಯೆಯನ್ನು ತರಗತಿ, ಪಠ್ಯ, ಸ್ವರಲಿಪಿ ಎಂದು ಸಾಮಾನ್ಯ ಮನೆಗಳ ಹುಡುಗ ಹುಡುಗಿಯರಿಗೆ ಹಂಚಿದವರು. ಅವರ ಈ ಶಿಷ್ಯರು 1925ರಲ್ಲಿ ತಮ್ಮದೇ ಶಾಲೆ ತೆರೆದರು, ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್. ಜಾಗ ಆಪೆರಾ ಹೌಸ್ ಹತ್ತಿರ. ದೇವಧರರಿಗೆ ಒಂದು ವಿಶೇಷ ಖಯಾಲಿ ಇತ್ತು. ಅವರಿಗೆ ಎಲ್ಲವೂ ಬೇಕು. ಸ್ಕ್ರಿಂಜಿ ಎಂಬ ಇಟಲಿಯವರಿಂದ ಪಾಶ್ಚಾತ್ಯ ಸಂಗೀತ ಕಲಿತರು. ಗಂಟಲು ಹೇಗೆ ಕೆಲಸ ಮಾಡುತ್ತದೆ, ದನಿಯನ್ನು ಹೇಗೆ ಪಳಗಿಸಬೇಕು ಎಂದು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದರು. ಯಾವ ಘರಾಣೆಯ ಉಸ್ತಾದರು ಬೊಂಬಾಯಿಗೆ ಬಂದರೂ ಹೋಗಿ ಕೇಳುವುದು, ಮನೆಗೆ ಕರೆತರುವುದು, ಅವರಿಂದ ಹಳೆಯ ಚೀಜುಗಳನ್ನು ಬರೆದುಕೊಳ್ಳುವುದು. ಮುಂದೆ ಈ ನೆನಪುಗಳನ್ನೆಲ್ಲ 'ಥೋರ್ ಸಂಗೀತಕಾರ್' ಎಂಬ ಮರಾಠಿ ಪುಸ್ತಕದಲ್ಲಿ ಬರೆದರು. ಮರಾಠಿ ಓದಬಲ್ಲ ನಮ್ಮ ಕೇಳುಗರು ಹುಡುಕಿಕೊಂಡು ಓದಬೇಕಾದ ಪುಸ್ತಕ.

ತಂದೆ ಸಿದ್ಧರಾಮಯ್ಯನವರು ಮಗನನ್ನು ಇವರ ಕೈಗೆ ಒಪ್ಪಿಸಿದರು. ಈ ಒಂದು ನಿರ್ಧಾರಕ್ಕಾಗಿ ಆ ತಂದೆಗೆ ಕೈ ಮುಗಿಯಬೇಕು. ಊರೂರು ತಿರುಗಿ ಗಳಿಸುತ್ತಿದ್ದ ಮಗನನ್ನು ಕಲಿಯಲು ಕೂರಿಸುವುದೆಂದರೆ ಬಂದ ಲಕ್ಷ್ಮಿಗೆ ಬಾಗಿಲು ಹಾಕಿದ ಹಾಗೆ. ಹುಡುಗ ಶಾಲೆಯಲ್ಲೇ ಗುರುಗಳ ಜೊತೆ ಉಳಿದ.

ಈಗ ಯೋಚಿಸಿ. ಜಿನ್ನಾ ಹಾಲನ್ನು ಅಲುಗಾಡಿಸಿದ ಹುಡುಗನಿಗೆ ತಾನು ಹಾಡುತ್ತಿರುವ ರಾಗದ ವ್ಯಾಕರಣ ಗೊತ್ತಿಲ್ಲ. ಹಾಡಿದ್ದನ್ನು ಸ್ವರ ಹಾಕಿ ಹೇಳು ಎಂದರೆ ತಡವರಿಸಬೇಕು. ನಿಮ್ಮ ಮಗು ಯಾವುದೋ ಭಾಷೆಯ ಭಾಷಣವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತದೆ, ಅರ್ಥ ಮಾತ್ರ ತಿಳಿಯದು ಎಂದುಕೊಳ್ಳಿ, ಹಾಗೆ. ಅಂಥವನನ್ನು ಕೂರಿಸಿ ಸ, ರಿ, ಗ ಎಂದು ಹೆಸರು ಹಿಡಿದು ಕಲಿಸಬೇಕು. ಇದರಲ್ಲಿ ಅಪಾಯವೂ ಇದೆ. ನಡೆಯುತ್ತಿರುವವನಿಗೆ ನಿನ್ನ ಕಾಲು ಹೇಗೆ ಏಳುತ್ತದೆ ನೋಡಿಕೋ ಎಂದರೆ ಎಡವಿ ಬೀಳಬಹುದು. ಹುಡುಗ ಬೀಳಲಿಲ್ಲ. ಕಿವಿಯಲ್ಲಿ ಆಗಲೇ ತುಂಬಿದ್ದ ರಾಶಿಗೆ ಈಗ ಹೆಸರು, ಜಾಗ, ಸಂಬಂಧ ಸಿಕ್ಕವು. ಕರೀಂ ಖಾನರದ್ದು ಎಂದು ಗೊತ್ತಿದ್ದ ಒಂದು ಮೀಂಡು, ಇಂಥ ರಾಗದಲ್ಲಿ ಇಂಥ ಸ್ವರದಿಂದ ಇಂಥ ಸ್ವರಕ್ಕೆ ಹೋಗುವ ದಾರಿ ಎಂದು ತಿಳಿಯಿತು. ದಾರಿ ಎಂದು ತಿಳಿದ ಮೇಲೆ ಆ ದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು, ಪಕ್ಕದ ಓಣಿಗೂ ಹೊರಳಬಹುದು. ಇಷ್ಟು ದಿನ ಆ ಸ್ವಾತಂತ್ರ್ಯವೇ ಅವನಿಗೆ ಇರಲಿಲ್ಲ.

ದೇವಧರರ ಇನ್ನೊಂದು ದೊಡ್ಡತನ, ಶಿಷ್ಯನನ್ನು ಬಚ್ಚಿಡಲಿಲ್ಲ. ಆ ಕಾಲದಲ್ಲಿ ಬೇರೆ ಘರಾಣೆಯ ಹಾಡು ಕೇಳಿದರೂ ಕೆಂಡವಾಗುವ ಗುರುಗಳಿದ್ದರು. ಇಲ್ಲಿ ಬಾಗಿಲು ತೆರೆದೇ ಇತ್ತು. ಶಾಲೆಗೆ ಬಂದು ಹೋಗುತ್ತಿದ್ದವರಲ್ಲಿ ಸಿಂಧೇ ಖಾನ್ ಎಂಬೊಬ್ಬರಿದ್ದರು. ಹರಕು ಬಟ್ಟೆಯ, ಫಕೀರನ ಹಾಗಿದ್ದ, ರಸ್ತೆಯಲ್ಲಿ ಕಂಡರೆ ಜನ ಹುಚ್ಚನೆಂದು ದೂರ ಸರಿಯುತ್ತಿದ್ದ ಮನುಷ್ಯ. ಹೊಟ್ಟೆಯೊಳಗೆ ಮಾತ್ರ ಅಪರೂಪದ ಚೀಜುಗಳ ಭಂಡಾರ. ದೇವಧರರು ಅವರನ್ನು ಆದರಿಸಿ ಕೂರಿಸಿಕೊಂಡು ಕಲಿತರು. ವಿದ್ಯೆ ರೇಷ್ಮೆ ಶೇರ್ವಾನಿಯಲ್ಲೇ ಇರಬೇಕೆಂದಿಲ್ಲ ಎಂಬುದನ್ನು ಹದಿಹರೆಯದ ಕುಮಾರ ಕಣ್ಣಾರೆ ಕಂಡ. ಕಡೆಯ ತನಕ ಜೋಗಿಗಳ, ಭಿಕ್ಷುಕರ ಹಾಡಿಗೆ ಕಿವಿಗೊಟ್ಟವರು ಅವರು. ಆ ಕಿವಿ ಎಲ್ಲಿ ತೆರೆಯಿತೆಂದು ಹುಡುಕುವವರು ಆಪೆರಾ ಹೌಸಿನ ಈ ಮನೆಯನ್ನು ಮರೆಯಬಾರದು.

ಇನ್ನೊಬ್ಬರು ಅಂಜನೀಬಾಯಿ ಮಾಲ್ಪೇಕರ್. ಮಲ್ಪೆ ಎಂದೊಡನೆ ನಮ್ಮ ಉಡುಪಿ ಕಡೆಯ ಕೇಳುಗರ ಕಿವಿ ನೆಟ್ಟಗಾಗುತ್ತದೆ, ಆದರೆ ಇದು ಗೋವೆಯ ಮಾಲ್ಪೆ. 1883ರಲ್ಲಿ ಹುಟ್ಟಿದ ಅವರು ಭೇಂಡಿಬಜಾರ್ ಘರಾಣೆಯ ನಜೀರ್ ಖಾನರ ಶಿಷ್ಯೆ. ಉತ್ತರ ಪ್ರದೇಶದ ಕಡೆಯಿಂದ ಬಂದ ಮೂವರು ಸೋದರ ಗಾಯಕರು ನೆಲೆಸಿದ ಕಾರಣಕ್ಕೆ ನಮ್ಮೂರಿನ ಒಂದು ಗಿಜಿಗುಡುವ ಬಜಾರಿನ ಹೆಸರು ಘರಾಣೆಯ ಹೆಸರಾಯಿತು. ಮುಂಬಯಿಯ ಹೆಮ್ಮೆಗಳಲ್ಲಿ ಇದೂ ಒಂದೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಂಜನೀಬಾಯಿ ಆ ಹೊತ್ತಿಗೆ ಮೈಫಿಲುಗಳನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವರು ಕುಮಾರರಿಗೆ ಕಲಿಸಿದರು. (1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಗೌರವ ಪಡೆದ ಮೊದಲ ಮಹಿಳೆ ಇವರೇ. ಕಿಶೋರಿ ಅಮೋಣಕರ್ ಕೂಡ ಇವರ ಬಳಿ ಕಲಿತವರು.)

ಭೇಂಡಿಬಜಾರಿನವರ ಒಂದು ಕಸರತ್ತು ಖಂಡಮೇರು, ಅಥವಾ ಮೇರುಖಂಡ. ಕೆಲವು ಸ್ವರಗಳನ್ನು ಹಿಡಿದು ಅವು ಎಷ್ಟು ರೀತಿಯಲ್ಲಿ ಅದಲು ಬದಲಾಗಬಲ್ಲವೋ ಅಷ್ಟನ್ನೂ ಗಂಟಲಿಗೆ ಕಲಿಸುವುದು. ಮೂರು ಸ್ವರಕ್ಕೆ ಆರು ಬಗೆ, ನಾಲ್ಕಕ್ಕೆ 24, ಏಳಕ್ಕೆ ಬಂದರೆ 5040. ಹಾಡುವವನಿಗೆ ಇದು ರಿಯಾಜು. ಹಾಡು ಕಟ್ಟುವವನಿಗೆ ಮಾತ್ರ ಇದೊಂದು ಕೀಲಿಕೈ ಎಂದು ನನ್ನ ಭಾವನೆ. ಅದೇ ನಾಲ್ಕು ಸ್ವರ, ಒಂದನ್ನು ಆಚೀಚೆ ಇಟ್ಟರೆ ಮುಖವೇ ಬೇರೆ ಎಂದು ಗಂಟಲಿಗೇ ಗೊತ್ತಾಗಿಬಿಡುತ್ತದೆ.

ಆಗಿನ ಗಿರಗಾಂವ್ ಕಡೆಯ ಬೊಂಬಾಯಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಆಪೆರಾ ಹೌಸಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಲಕ್ಷ್ಮೀಬಾಗ್, ಫ್ರೆಂಚ್ ಬ್ರಿಡ್ಜ್ ಮೇಲಿನ ಬ್ಲಾವಾಟ್ಸ್ಕಿ ಲಾಡ್ಜ್ ಮುಂತಾದ ಮೈಫಿಲಿನ ಜಾಗಗಳು. ಇದೇ ಊರಲ್ಲಿ ಮುಪ್ಪಿನ ಅಲ್ಲಾದಿಯಾ ಖಾನರು, ಅವರ ಶಿಷ್ಯೆಯರಾದ ಕೇಸರಬಾಯಿ ಕೇರ್ಕರ್, ಮೊಗೂಬಾಯಿ ಕುರ್ಡೀಕರ್. ಚಾಳಿನ ಕಿಟಕಿಗಳಲ್ಲಿ ಪೇಟಿಯ ಸದ್ದು, ಇರಾನಿ ಹೋಟೆಲಿನಲ್ಲಿ ಸೈಗಲ್. ನಮ್ಮ ರೇಡಿಯೋ ಕೂಡ ಎಳೆಯದೇ. ಬೊಂಬಾಯಿ ಕೇಂದ್ರ 1927ರ ಜುಲೈ 23ರಂದು ಶುರುವಾಗಿತ್ತು, ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರ ಜೂನ್‌ನಲ್ಲಿ, ನಮ್ಮ ಹುಡುಗ ಇಲ್ಲಿಗೆ ಬಂದ ವರ್ಷವೇ. ಮಾತುಂಗದಲ್ಲಿ ಮೈಸೂರು ಅಸೋಸಿಯೇಷನ್ನಿಗೆ ಹತ್ತು ವರ್ಷ, ಕರ್ನಾಟಕ ಸಂಘಕ್ಕೆ ಮೂರು. ಸುಳೇಭಾವಿಯಲ್ಲಿ ಪ್ಲೇಟಿನೊಳಗೆ ಮೂರು ನಿಮಿಷ ಇದ್ದವರು ಇಲ್ಲಿ ಮೈಯಿಂದ, ಬೆವರಿನಿಂದ, ರಾತ್ರಿಯಿಡೀ ಎದುರಿಗೇ ಕುಳಿತು ಹಾಡುತ್ತಿದ್ದರು. ಪ್ಲೇಟು ಪ್ರತಿ ಸಲವೂ ಒಂದೇ ಹಾಡು ಹೇಳುತ್ತದೆ. ಮನುಷ್ಯ ನಿನ್ನೆ ಹಾಡಿದ್ದನ್ನು ಇವತ್ತು ಹಾಗೇ ಹಾಡಲಾರ. ನಕಲು ಮಾಡುವವನಿಗೆ ಇದು ದೊಡ್ಡ ಪೇಚು: ಯಾವ ದಿನದ್ದನ್ನು ನಕಲು ಮಾಡುವುದು?

ಹೀಗೆ ಹತ್ತು ಹನ್ನೊಂದು ವರ್ಷ. ದನಿ ಒಡೆದು ಗಟ್ಟಿಯಾಯಿತು. ಶಿಷ್ಯನಾಗಿ ಬಂದ ಶಾಲೆಯಲ್ಲೇ ಕುಮಾರರು ಕಲಿಸುವವರಾದರು. (ಇಲ್ಲಿಂದ ಮುಂದೆ ಅವರನ್ನು 'ಅವನು' ಅನ್ನಲು ನಾಲಗೆ ಏಳುವುದಿಲ್ಲ.) ಇಪ್ಪತ್ತರ ಹೊತ್ತಿಗೆ ದೇಶದ ದೊಡ್ಡ ವೇದಿಕೆಗಳಲ್ಲಿ ಅವರ ಹೆಸರಿತ್ತು, ಈ ಸಲ ಬಾಲಪ್ರತಿಭೆಯೆಂದಲ್ಲ, ಗಾಯಕನೆಂದು. ಇವರದು ಯಾವ ಘರಾಣೆ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಗ್ವಾಲಿಯರ್ ಅನ್ನಿ, ಅದೂ ಸರಿ, ಅಷ್ಟೇ ಅಲ್ಲ. ಕಲಿಯಲು ಬಂದವರಲ್ಲಿ ಕರಾಚಿಯ ಭಾನುಮತಿ ಕಂಸ್ ಇದ್ದರು. 1947ರಲ್ಲಿ ಇಬ್ಬರ ಮದುವೆಯಾಯಿತು. ಕಲಕತ್ತೆಯಲ್ಲಿ ಕುಮಾರರ ಹಾಡು ಕೇಳಿ ಮರುಳಾಗಿ 1946ರಲ್ಲಿ ಇಲ್ಲಿಗೆ ಬಂದ ಹುಡುಗಿ ವಸುಂಧರಾ ಶ್ರೀಖಂಡೆ ದೇವಧರರ ಬಳಿ ಕಲಿತರು. ಅವರ ಹೆಸರು ಮುಂದೆ ಮತ್ತೆ ಬರುತ್ತದೆ.

ಎಲ್ಲ ಕೂಡಿ ಬಂದ ಹೊತ್ತಿಗೆ ಕೆಮ್ಮು ಬಂತು. ಕ್ಷಯ. ಇಂದು ಆ ಹೆಸರು ನಮ್ಮನ್ನು ಅಷ್ಟು ಹೆದರಿಸುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಅಮೆರಿಕದ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1943ರಲ್ಲಿ, ಇಲ್ಲಿನ ರೋಗಿಗಳ ಕೈಗೆ ಸುಲಭವಾಗಿ ಎಟುಕಲು ವರ್ಷಗಳೇ ಹಿಡಿದವು. ಅಲ್ಲಿಯ ತನಕ ವೈದ್ಯರು ಹೇಳಬಹುದಾಗಿದ್ದದ್ದು ಒಂದೇ: ಒಣ ಹವೆ, ವಿಶ್ರಾಂತಿ. ಹಾಡು? ಕೂಡದು. 23 ವರ್ಷದ ಗಾಯಕನಿಗೆ! ಬೊಂಬಾಯಿಯ ಸಮುದ್ರದ ಗಾಳಿ, ಚಾಳಿನ ತೇವ ಇನ್ನು ಸಾಧ್ಯವಿರಲಿಲ್ಲ. ಮಾಳವದ ದೇವಾಸ್ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿ ಕಾಲಿಟ್ಟ ದಿನ 1948ರ ಜನವರಿ 30, ದೆಹಲಿಯಲ್ಲಿ ಗಾಂಧೀಜಿಗೆ ಗುಂಡು ಬಿದ್ದ ದಿನ. ಭಾನುಮತಿಯವರು ಶಾಲೆಯಲ್ಲಿ ಕೆಲಸ ಹಿಡಿದು ಮನೆ ನಡೆಸಿದರು, ಗಂಡನ ಆರೈಕೆ ಮಾಡಿದರು. ಆ ತಾಯಿಯ ಋಣವನ್ನು ಕೇಳುಗರಾದ ನಾವು ನೆನೆಯುವುದು ಕಡಿಮೆಯೇ.

ಸುಮಾರು ಐದು ವರ್ಷ ಹಾಸಿಗೆ. ಒಂದು ಶ್ವಾಸಕೋಶ ಬಹುಮಟ್ಟಿಗೆ ಕೈಬಿಟ್ಟಿತು. ಹಾಡಲು ಬಿಡದ ಗಂಟಲು, ಮುಚ್ಚಲು ಬಾರದ ಕಿವಿ. ಕಿಟಕಿಯಾಚೆ ಮಾಳವದ ಹೆಂಗಸರು ಬೀಸುತ್ತ, ಬಿತ್ತುತ್ತ, ಮದುವೆ ಮುಂಜಿಗಳಲ್ಲಿ ಹಾಡುತ್ತಿದ್ದ ಪದಗಳು, ನಾಥಪಂಥದ ಜೋಗಿಗಳ ನಿರ್ಗುಣ ಭಜನೆಗಳು. ಮೂರು ನಾಲ್ಕು ಸ್ವರಗಳಲ್ಲೇ ಮುಗಿಯುವ ಧಾಟಿಗಳು ಅವು. ಈ ಧಾಟಿಗಳ ಒಳಗೇ ರಾಗಗಳ ಬೀಜವಿದೆ ಎಂದು ಅವರಿಗೆ ಕಂಡಿತು. 1953ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರ ಕೈಯಲ್ಲಿ ಅವರದೇ ಚೀಜುಗಳಿದ್ದವು, ಧಾಟಿಯಿಂದ ಹುಟ್ಟಿದ 'ಧುನ್ ಉಗಮ್' ರಾಗಗಳು ಒಂದೊಂದಾಗಿ ಬಂದವು: ಲಗನ್ ಗಾಂಧಾರ್, ಸಂಜಾರಿ, ಮಾಲವತಿ, ಸಹೇಲಿ ತೋಡಿ. 1965ರಲ್ಲಿ ಈ ಬಂದಿಶ್‌ಗಳು 'ಅನೂಪರಾಗವಿಲಾಸ' ಎಂಬ ಪುಸ್ತಕವಾಗಿ ಅಚ್ಚಾದವು. ಗಾಂಧೀಜಿಯ ಶತಾಬ್ದಿಯ ಹೊತ್ತಿಗೆ, 1969ರಲ್ಲಿ, ಗಾಂಧಿ ಮಲ್ಹಾರ್ ಕೇಳಿಸಿತು.

ಉಸಿರು ಗಿಡ್ಡವಾದ್ದರಿಂದ ತುಂಡು ತುಂಡಾಗಿ ಹಾಡಿದರು, ಅದೇ ಅವರ ಶೈಲಿಯಾಯಿತು ಎಂದು ಬಹಳ ಪಂಡಿತರು ಹೇಳುತ್ತಾರೆ. ಇರಬಹುದು. ನಾನು ಆಗ ಹೇಳಿದ ಮೂರು ನಿಮಿಷದ ಪ್ಲೇಟಿನ ಮಾತನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅದೇ ರೀತಿ, ಎಲ್ಲವನ್ನೂ ಮಾಳವದ ಮಣ್ಣು ಕೊಟ್ಟಿತು, ಬೊಂಬಾಯಿ ಕೊಟ್ಟದ್ದು ರೋಗ ಮಾತ್ರ ಎಂಬಂತೆ ಬರೆಯುವವರಿದ್ದಾರೆ. ಅದನ್ನು ಒಪ್ಪಲು ನನ್ನ ಮನಸ್ಸಿಲ್ಲ. ಅದೇ ಹೆಂಗಸರ ಹಾಡನ್ನು ದೇವಾಸಿನಲ್ಲಿ ಸಾವಿರಾರು ಜನ ದಿನಾ ಕೇಳುತ್ತಿದ್ದರು. ನಾಲ್ಕು ಸ್ವರದ ಧಾಟಿಯನ್ನು ಕೇಳಿ, ಬಿಡಿಸಿ, ಅದಲು ಬದಲು ಮಾಡಿ ನೋಡಿ, ಇದು ಯಾವ ರಾಗದ ನೆಂಟ, ಎಲ್ಲಿ ಹೊಸದು ಎಂದು ಗುರುತಿಸುವ ಕಿವಿ ತಯಾರಾದದ್ದು ಆಪೆರಾ ಹೌಸಿನಲ್ಲಿ. ಹಾಡುವ ಹುಡುಗನನ್ನು ಬಾಯಿಗಿಂತ ಹೆಚ್ಚು ಕಿವಿಯಾಗಿ ಮಾಡಿದ್ದು ದೇವಧರ ಮಾಸ್ತರರ ಕೆಲಸ.

ಅವರ ಬಂದಿಶ್‌ಗಳ ಮಾತು ಕನ್ನಡವಲ್ಲ, ಮಾಳವಿ, ವ್ರಜ. ಇದು ನಮ್ಮಲ್ಲಿ ಕೆಲವರಿಗೆ ಕೊರಗು. ಮರಾಠಿಗರು ಅವರನ್ನು ತಮ್ಮವರೆನ್ನುತ್ತಾರೆ, ಮಾಳವದವರು ತಮ್ಮವರೆನ್ನುತ್ತಾರೆ. ಎರಡು ಮೂರು ಭಾಷೆಗಳ ನಡುವೆ ಬಾಳುವ ನಾವು ಮುಂಬಯಿಯವರಾದರೂ ಈ ಜಗಳಕ್ಕೆ ಹೋಗದಿರೋಣ.

ಭಾನುಮತಿಯವರು 1961ರಲ್ಲಿ ಎರಡನೆಯ ಹೆರಿಗೆಯ ಹೊತ್ತಿಗೆ ತೀರಿಕೊಂಡರು. ಮರುವರ್ಷ ಕುಮಾರರು ವಸುಂಧರಾ ಅವರನ್ನು ಮದುವೆಯಾದರು, ಅದೇ ದೇವಧರರ ಶಾಲೆಯ ವಸುಂಧರಾ. ಮಗಳು ಕಲಾಪಿನಿ ಇಂದು ಹೆಸರಾಂತ ಗಾಯಕಿ. 1990ರಲ್ಲಿ ದೇವಧರ ಮಾಸ್ತರರು ಹೋದರು. ಅದೇ ವರ್ಷ ಶಿಷ್ಯನಿಗೆ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ಶಿಷ್ಯನೂ ದೇವಾಸಿನಲ್ಲಿ ಕಣ್ಣು ಮುಚ್ಚಿದರು. ಬಹಳ ವರ್ಷ ಬಾಗಿಲು ಹಾಕಿದ್ದ ಆಪೆರಾ ಹೌಸ್ 2016ರಲ್ಲಿ ಮತ್ತೆ ತೆರೆದಿದೆ.

ಡೊಂಬಿವಲಿಯ ಹುಡುಗನಿಗೆ ಉತ್ತರ ಬರೆದಿದ್ದೇನೆ. ಬರುವ ಶನಿವಾರ ದಾದರಿನಲ್ಲಿ ಗಾಡಿ ಬದಲಿಸಿ ಚರ್ನಿರೋಡಿನಲ್ಲಿ ಇಳಿ, ಗಿಟಾರು ಮನೆಯಲ್ಲೇ ಇರಲಿ, ಅಮ್ಮನನ್ನು ಕರೆದುಕೊಂಡು ಬಾ ಎಂದು. ಸೇತುವೆಯ ಹತ್ತಿರ ನಾನೂ ಇರುತ್ತೇನೆ. ಆಪೆರಾ ಹೌಸಿನಿಂದ ಕಾಂಗ್ರೆಸ್ ಹೌಸಿನ ತನಕ ನಡೆದು ಹೋಗೋಣ, ದಾರಿಯಲ್ಲಿ ಎಲ್ಲಾದರೂ ಚಹಾ ಕುಡಿಯೋಣ. ರಾತ್ರಿ ನಮ್ಮ ಕಾರ್ಯಕ್ರಮದಲ್ಲಿ ಕುಮಾರರ ಎರಡು ಬಂದಿಶ್ ಹಾಕುತ್ತೇವೆ, ಮನೆಗೆ ಹೋಗಿ ಕೇಳಬಹುದು.